ಗೊತ್ತಿಲ್ಲ ಎಂದು ಬರೆದ ಹುಡುಗಿಯ ಪರವಾಗಿ

ಭಾನುವಾರದ ಚಿಟ್ಟೆ ನಡಿಗೆಗಳಲ್ಲಿ ಈಚೆಗೆ ನನಗೆ ಸಿಟ್ಟು ತರಿಸುವ ದೃಶ್ಯವೊಂದಿದೆ. ಪೊದೆಯ ಮೇಲೆ ಹಳದಿ ಚಿಟ್ಟೆಯೊಂದು ಕೂರುತ್ತದೆ. ಹತ್ತು ಮೊಬೈಲುಗಳು ಮೇಲೇಳುತ್ತವೆ. ಚಿಟ್ಟೆ ಹಾರುವ ಮೊದಲೇ ಯಾರೋ ‘ಕಾಮನ್ ಗ್ರಾಸ್ ಯೆಲ್ಲೋ’ ಎಂದು ಕೂಗಿರುತ್ತಾರೆ. ಅದೇ ಯಾಕೆ, ಇನ್ನೊಂದು ಯಾಕಲ್ಲ ಎಂದು ಕೇಳಿದರೆ, ‘ಆ್ಯಪ್ ಹೇಳ್ತಿದೆಯಲ್ಲ ಸರ್’ ಎಂಬ ಉತ್ತರ. ಕಳೆದ ತಿಂಗಳು ಪದವಿ ಓದುವ ಹುಡುಗಿಯೊಬ್ಬಳು ತನ್ನ ನೋಟ್‌ಬುಕ್ಕಿನಲ್ಲಿ ‘ಯುರೀಮಾ ಕುಲ, ಪ್ರಭೇದ ಗೊತ್ತಾಗಲಿಲ್ಲ’ ಎಂದು ಬರೆದುಕೊಂಡಳು. ಜೊತೆಗಿದ್ದವರು ನಕ್ಕರು. ಆ ಗುಂಪಿನಲ್ಲಿ ಸರಿಯಾಗಿ ಬರೆದವಳು ಅವಳೊಬ್ಬಳೇ ಎಂಬುದು ನನ್ನ ವಾದ.

ಆ ಹಳದಿ ಚಿಟ್ಟೆಯನ್ನೇ ತೆಗೆದುಕೊಳ್ಳಿ. ಯುರೀಮಾ ಕುಲದ ಚಿಟ್ಟೆಗಳು ಹಾರುವಾಗ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಗುರುತು ಇರುವುದು ಮುಂದಿನ ರೆಕ್ಕೆಯ ಕೆಳಬದಿಯಲ್ಲಿ, ಬುಡದ ಹತ್ತಿರದ ಪುಟ್ಟ ಕಂದು ಚುಕ್ಕೆಗಳಲ್ಲಿ. ಒಂದಿದ್ದರೆ ಒನ್-ಸ್ಪಾಟ್, ಎರಡಿದ್ದರೆ ಕಾಮನ್, ಮೂರಿದ್ದರೆ ತ್ರೀ-ಸ್ಪಾಟ್. ಹೇಳಲು ಸುಲಭ. ಆದರೆ ಚಿಟ್ಟೆ ರೆಕ್ಕೆ ಮಡಚಿ ಕೂತಾಗ ಹಿಂದಿನ ರೆಕ್ಕೆಯ ಮರೆಗೆ ಆ ಭಾಗವೇ ಸರಿದುಬಿಡಬಹುದು. ಮಳೆಗಾಲದ ಚಿಟ್ಟೆಗೂ ಬೇಸಿಗೆಯ ಚಿಟ್ಟೆಗೂ ಅಂಚಿನ ಕಪ್ಪು, ಕೆಳಬದಿಯ ಕಲೆಗಳು ಬೇರೆ ಬೇರೆ. ಚುಕ್ಕೆಯೇ ಕಾಣದ ಫೋಟೋ ನೋಡಿ ಪ್ರಭೇದದ ಹೆಸರು ಹೇಳುವುದು ಕಣಿ ಹೇಳಿದ ಹಾಗೆ.

ಬುಶ್‌ಬ್ರೌನ್ ಚಿಟ್ಟೆಗಳದು ಇನ್ನೂ ಪಜೀತಿ. ಮಳೆಗಾಲದಲ್ಲಿ ಅವುಗಳ ರೆಕ್ಕೆಯ ಕೆಳಬದಿಯಲ್ಲಿ ಸಾಲು ಸಾಲು ಕಣ್ಚುಕ್ಕೆಗಳು. ಬೇಸಿಗೆಯಲ್ಲಿ ಹುಟ್ಟುವ ಪೀಳಿಗೆಯಲ್ಲಿ ಆ ಕಣ್ಣುಗಳು ಸಾಸಿವೆಯಷ್ಟಾಗಿ ಹೆಚ್ಚುಕಡಿಮೆ ಮಾಯ. ತರಗೆಲೆಯ ನಡುವೆ ಅಡಗಬೇಕಾದ ಜೀವಕ್ಕೆ ಕಣ್ಣಿಗೆ ಹೊಡೆಯುವ ಚುಕ್ಕೆ ಅಪಾಯ. ಇದೇ ಬಗೆಯ ವೇಷ ಬದಲಾವಣೆಯಿಂದಾಗಿ ಕಾಮನ್ ಈವನಿಂಗ್ ಬ್ರೌನ್ ಚಿಟ್ಟೆಯ ಎರಡು ಋತುಗಳ ರೂಪಗಳಿಗೆ ಹಿಂದಿನವರು ಎರಡು ಹೆಸರಿಟ್ಟಿದ್ದರು. ಕಲ್ಕತ್ತಾದಲ್ಲಿ ಲಯೊನೆಲ್ ಡಿ ನಿಸೆವಿಲ್ ಈ ಗುಂಪಿನ ಚಿಟ್ಟೆಗಳನ್ನು ಮೊಟ್ಟೆಯಿಂದ ಸಾಕಿ, ಋತುರೂಪಗಳ ಬಗ್ಗೆ 1886ರಲ್ಲಿ ಬರೆದ. ರೆಕ್ಕೆ ನೋಡಿ ತೀರ್ಪು ಕೊಡುವ ಬದಲು ಅವನು ಹುಳುವಿಗೆ ಹುಲ್ಲು ಹಾಕಿ ಕಾದ.

ನಾನು ಹೀಗೆ ಕಾಯಲಿಲ್ಲ. ಅದಕ್ಕೆ ತೆತ್ತ ಬೆಲೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಕೆರೆ ಏರಿಯ ಪೊದೆಗಳನ್ನು ಸವರಿ ಕಾಂಕ್ರೀಟು ಹಾಸುವ ಯೋಜನೆ ಬಂತು. ನಾವು ನಾಲ್ಕು ಜನ ಸೇರಿ ಅಲ್ಲಿನ 58 ಚಿಟ್ಟೆಗಳ ಪಟ್ಟಿ ಮಾಡಿ ಕೊಟ್ಟೆವು. ಸಭೆಯಲ್ಲಿ ಎದುರಿನವರ ಕಡೆಯಿಂದ ಬಂದ ತಜ್ಞರು ನನ್ನ ಫೋಟೋಗಳನ್ನು ಒಂದೊಂದಾಗಿ ನೋಡಿದರು. ನಾನು ಕಾಮನ್ ರೋಸ್ ಎಂದು ಬರೆದಿದ್ದನ್ನು ತೋರಿಸಿ, ‘ಇದರ ಮೈ ಕೆಂಪಾಗಿರಬೇಕಿತ್ತಲ್ಲ?’ ಎಂದರು. ಮೈ ಕಪ್ಪಗಿತ್ತು. ಅದು ರೋಸ್‌ನ ವೇಷ ತೊಟ್ಟ ಕಾಮನ್ ಮಾರ್ಮನ್ ಹೆಣ್ಣು. ಅದರ ಗಂಡು ಪಟ್ಟಿಯಲ್ಲಿ ಆಗಲೇ ಇತ್ತು. ಒಂದೇ ಬುಶ್‌ಬ್ರೌನಿನ ಎರಡು ಋತುಗಳ ರೂಪಗಳನ್ನೂ ನಾನು ಎರಡು ಲೆಕ್ಕ ಮಾಡಿದ್ದೆ. ತಪ್ಪು ಎರಡೇ. ಆದರೆ ಉಳಿದ 56ನ್ನು ಆಮೇಲೆ ಯಾರೂ ತಿರುಗಿ ನೋಡಲಿಲ್ಲ. ಏರಿಯ ಮೇಲೆ ಈಗ ಕಾಂಕ್ರೀಟಿದೆ.

ಈ ಮೋಸಕ್ಕೆ ಬಿದ್ದವರಲ್ಲಿ ನಾನು ಮೊದಲಿಗನಲ್ಲ. 1758ರಲ್ಲಿ ಲಿನೇಯಸ್ ಇದೇ ಮಾರ್ಮನ್‌ನ ಹೆಣ್ಣಿಗೆ ಪಾಲಿಟಿಸ್ ಎಂದೂ ಗಂಡಿಗೆ ಪ್ಯಾಮನ್ ಎಂದೂ ಎರಡು ಪ್ರಭೇದಗಳ ಹೆಸರು ಕೊಟ್ಟಿದ್ದ. ಮಾರ್ಮನ್ ಹುಳು ಬೆಳೆಯುವುದು ನಮ್ಮ ಹಿತ್ತಲಿನ ಕರಿಬೇವು, ನಿಂಬೆ ಗಿಡಗಳಲ್ಲಿ. ಅದಕ್ಕೆ ವಿಷವಿಲ್ಲ. ಈಶ್ವರಿ ಬಳ್ಳಿಯ ಜಾತಿಯ ಗಿಡ ತಿಂದು ಬೆಳೆಯುವ ರೋಸ್ ವಿಷದ್ದು, ಹಕ್ಕಿಗೆ ಬೇಡದ್ದು. ಆ ರೂಪ ಹೊತ್ತ ಮಾರ್ಮನ್ ಹೆಣ್ಣು ಬದುಕಿಕೊಳ್ಳುತ್ತದೆ. ಈ ವೇಷದ ಹಿಂದೆ ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಇದೆ ಎಂದು 2014ರಲ್ಲಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ತೋರಿಸಿದರು. ಹಕ್ಕಿಯನ್ನು ಏಮಾರಿಸಲೆಂದೇ ರೂಪುಗೊಂಡ ರೆಕ್ಕೆ ಅದು. ಅದರ ಮುಂದೆ ನಮ್ಮ ಹತ್ತು ಸೆಕೆಂಡಿನ ವಿಶ್ವಾಸ ಎಷ್ಟರದು?

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ‘ಹೊಸಬರನ್ನು ಹೆದರಿಸಬೇಡಿ, ಹೆಸರು ಹೇಳುವ ಖುಷಿಯಿಂದಲೇ ಆಸಕ್ತಿ ಹುಟ್ಟುತ್ತದೆ’ ಎನ್ನುತ್ತಾರೆ. ಖುಷಿಗೆ ನನ್ನ ತಕರಾರಿಲ್ಲ. ಊಹೆಯನ್ನು ಊಹೆ ಎಂದೇ ಕರೆಯಿರಿ, ಅಷ್ಟೆ. ದಾಖಲೆಗೆ ಸೇರಿದ ಊಹೆ ಮುಂದೆ ಯಾರದೋ ನಕ್ಷೆಯಲ್ಲಿ, ಯಾವುದೋ ವರದಿಯಲ್ಲಿ ಸತ್ಯದ ವೇಷ ಹಾಕಿಕೊಂಡು ಕೂರುತ್ತದೆ. ಇನ್ನು ಕೆಲವರು, ‘ಹಾಗಾದರೆ ಹಿಡಿದು ಕೊಯ್ದು ನೋಡಬೇಕೇ?’ ಎಂದು ಕೇಳುತ್ತಾರೆ. ಬೇಡ. ಸ್ವಿಫ್ಟ್ ಎಂಬ ಕಂದು ಚಿಟ್ಟೆಗಳಲ್ಲಿ ಕೆಲವನ್ನು ಜನನಾಂಗದ ರಚನೆಯಿಂದಷ್ಟೇ ಖಚಿತವಾಗಿ ಬೇರ್ಪಡಿಸಬಹುದು. ಅದು ಸಂಶೋಧಕರ ಕೆಲಸ. ನಮ್ಮಂಥವರು ಕುಲದ ಹೆಸರಿಗೆ ನಿಂತರೆ ಸಾಕು, ಅದರಿಂದ ಮಾನವೇನೂ ಹೋಗುವುದಿಲ್ಲ.

ಮಾಡಬೇಕಾದ್ದು ಇಷ್ಟೇ. ರೆಕ್ಕೆಯ ಎರಡೂ ಬದಿ ಸಿಗುವವರೆಗೆ ಕಾಯಿರಿ. ಮೈ ಬಣ್ಣ ನೋಡಿ. ತಿಂಗಳು ಬರೆಯಿರಿ. ಯಾವ ಗಿಡದ ಮೇಲೆ ಮೊಟ್ಟೆಯಿಟ್ಟಿತೆಂದು ಗಮನಿಸಿ. ಹೆಸರಿನ ಪಕ್ಕ, ಯಾವ ಗುರುತಿನಿಂದ ಆ ಹೆಸರು ಎಂದು ಒಂದು ಸಾಲು ಸೇರಿಸಿ. ಆ ಸಾಲು ಬರೆಯಲಾಗದಿದ್ದರೆ ಹೆಸರನ್ನೂ ಬರೆಯಬೇಡಿ.

ಆ ದಿನ ನಕ್ಕವರ ಜೊತೆ ನಾನೂ ಸುಮ್ಮನೆ ನಿಂತಿದ್ದೆ. ಮುಂದಿನ ಭಾನುವಾರ ಆ ಹುಡುಗಿ ಬಂದರೆ, ಅವಳ ನೋಟ್‌ಬುಕ್ಕನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುವಂತೆ ಕೇಳಿಕೊಳ್ಳುತ್ತೇನೆ.