ಚಿತ್ರವಹಿಯನ್ನು ಮುಚ್ಚಿಡಬೇಡಿ



ನಿಮ್ಮಲ್ಲಿ ಹಲವರ ಬಳಿ ಎರಡು ಚಿತ್ರವಹಿಗಳಿರುತ್ತವೆ. ಒಂದು ಚಿತ್ರಕಲೆಯ ತಾಸಿನದು. ಗುರುಗಳು ನೋಡಿ ಸಹಿ ಮಾಡುವಂಥದು. ಇನ್ನೊಂದು ಯಾರಿಗೂ ತೋರಿಸದಂಥದು. ಅದು ಬೇರೆ ವಹಿಯೇ ಆಗಿರಬೇಕೆಂದಿಲ್ಲ, ಗಣಿತದ ವಹಿಯ ಕೊನೆಯ ಪುಟಗಳಾಗಿರಬಹುದು. ಅಲ್ಲಿ ಎತ್ತು, ಬಸ್ಸು, ಸೋಲಾಪುರದ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜ, ಪಕ್ಕದಲ್ಲಿ ಕುಳಿತ ಗೆಳೆಯನ ಮೂಗು ಎಲ್ಲವೂ ಇರುತ್ತವೆ. ಯಾರಾದರೂ ಹತ್ತಿರ ಬಂದರೆ ಪುಟ ಮಗುಚುತ್ತೀರಿ. ಈ ಎರಡನೆಯ ವಹಿಯ ಬಗ್ಗೆಯೇ ನನ್ನ ಮಾತು. ಅದನ್ನು ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಚೆನ್ನಾಗಿ ಬಿಡಿಸಲು ಬಂದ ಮೇಲೆ ತೋರಿಸೋಣ ಎಂದು ಕಾಯುವವರಿಗೆ ಚೆನ್ನಾಗಿ ಬಿಡಿಸಲು ಬರುವುದೇ ತಡವಾಗುತ್ತದೆ.

ಹೀಗೆ ಹೇಳುವ ಅಧಿಕಾರ ನನಗೆ ಪೂರ್ತಿ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ವಾರಕ್ಕೊಂದು ಒಳ್ಳೆಯ ಚಿತ್ರವನ್ನು ಆರಿಸಿ ಗೋಡೆಗೆ ಅಂಟಿಸುತ್ತಿದ್ದೆ. ವರ್ಷವಿಡೀ ಇಬ್ಬರೇ ಹುಡುಗರ ಚಿತ್ರಗಳು ಗೋಡೆ ಏರಿದವು. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ವಹಿಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಿದ್ದ. ಕಸಿದುಕೊಂಡು ತೆರೆದೆ. ಅದರಲ್ಲಿ ಎತ್ತಿನ ಚಿತ್ರವಿತ್ತು. ಬಾಲವೂ ಕಾಲಿನಷ್ಟೇ ದಪ್ಪವಾಗಿ ನೆಲ ಮುಟ್ಟಿತ್ತು. "ಐದು ಕಾಲಿನ ಎತ್ತು ನೋಡ್ರೋ" ಎಂದು ಎತ್ತಿ ತೋರಿಸಿದೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ಹುಡುಗ ಮತ್ತೆ ಚಿತ್ರ ಬಿಡಿಸಿದ್ದನ್ನು ನಾನು ನೋಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ವಾರದ ಸಂತೆಯಲ್ಲಿ ಸಿಕ್ಕ. ಟೆಂಪೊ ಓಡಿಸುತ್ತಿದ್ದ. ಚಹಾ ಕುಡಿಸಿ, ಮಕ್ಕಳ ಸುದ್ದಿ ಹೇಳಿದ. ಹೊರಡುವಾಗ, "ಸರ್, ಆ ಎತ್ತು ನಿಮಗ ನೆನಪದ ಏನ್ರಿ?" ಎಂದು ಕೇಳಿದ. ನೆನಪಿದೆ ಎಂದೆ. ಮುಂದೆ ಮಾತು ಬೆಳೆಯಲಿಲ್ಲ.

ತೋರಿಸಿ ಎಂದು ನಾನು ಹೇಳುವಾಗ ನೋಡುವವರಿಗೂ ಒಂದು ಮಾತು ಸೇರಿದೆ ಎಂದು ತಿಳಿಯಿರಿ. ಆ ಎತ್ತಿನ ಬಾಲ ದಪ್ಪವಾಗಿತ್ತು ಎಂಬುದು ಸುಳ್ಳಲ್ಲ. ಅದನ್ನು ಅವನೊಬ್ಬನಿಗೆ, ಅವನ ಪಕ್ಕದಲ್ಲಿ ಕುಳಿತು ಹೇಳಬೇಕಾಗಿತ್ತು.

ಬೇರೆಯವರ ಕಣ್ಣು ಏಕೆ ಬೇಕು? ಒಂದು ತಂಬಿಗೆಯನ್ನು ಮೇಜಿನ ಮೇಲಿಟ್ಟು ಬಿಡಿಸಿ ನೋಡಿ. ಬಹಳಷ್ಟು ಜನ ಅದರ ಬಾಯಿಯನ್ನು ಪೂರ್ತಿ ದುಂಡಗೆ ಬಿಡಿಸುತ್ತಾರೆ, ತಳವನ್ನು ನೇರ ಗೆರೆಯಲ್ಲಿ ಮುಗಿಸುತ್ತಾರೆ. ತಂಬಿಗೆಯ ಬಾಯಿ ದುಂಡಗಿದೆ ಎಂದು ನಮಗೆ ಗೊತ್ತು. ಗೊತ್ತಿದ್ದದ್ದನ್ನೇ ಕೈ ಬರೆಯುತ್ತದೆ. ಆದರೆ ಕುಳಿತ ಜಾಗದಿಂದ ಕಣ್ಣಿಗೆ ಕಾಣುವುದು ಚಪ್ಪಟೆಯಾದ ಮೊಟ್ಟೆಯಾಕಾರ. ತಳದ ಅಂಚೂ ಬಾಗಿಯೇ ಕಾಣುತ್ತದೆ. ಬಿಡಿಸಿದವನಿಗೆ ಈ ತಪ್ಪು ತಿಳಿಯುವುದಿಲ್ಲ, ಪಕ್ಕದವನು ಥಟ್ಟನೆ ಗುರುತಿಸುತ್ತಾನೆ. ಅವನು ನಿಮಗಿಂತ ಜಾಣನೆಂದಲ್ಲ, ಅದನ್ನು ಬಿಡಿಸಿದ ಕೈ ಅವನದಲ್ಲ, ಅಷ್ಟೇ. ನಮ್ಮ ರಾಜ್ಯದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ನಿಮ್ಮಲ್ಲಿ ಕೆಲವರು ಕೂಡುತ್ತೀರಿ. ಕೂಡಿರಿ, ಒಳ್ಳೆಯದೇ. ಆದರೆ ಪರೀಕ್ಷೆ ಶ್ರೇಣಿಯನ್ನು ಕೊಡುತ್ತದೆ. ತಂಬಿಗೆ ಎಲ್ಲಿ ಸೊಟ್ಟಾಯಿತೆಂದು ಹೇಳುವುದು ಗೆಳೆಯನೇ.

ಈ ಪುಸ್ತಕದ ಚಿತ್ರಗಳನ್ನೇ ನೋಡಿ. ಅವು ಒಂದೇ ಸಲಕ್ಕೆ ಹೀಗಾಗಲಿಲ್ಲ. ಪಠ್ಯಪುಸ್ತಕದ ಸಮಿತಿಯಲ್ಲಿ ಕಲಾವಿದರು ಮೊದಲು ಪೆನ್ಸಿಲ್ಲಿನ ಕಚ್ಚಾ ಚಿತ್ರ ತಂದು ಹರಡುತ್ತಾರೆ. ಒಮ್ಮೆ ಪಟ್ಟಣದ ಕಲಾವಿದರೊಬ್ಬರು ಜೋಳದ ಹೊಲ ಬಿಡಿಸಿ ತಂದಿದ್ದರು. ತೆನೆಗಳು ದಂಟಿನ ತುದಿಯಲ್ಲಿರದೆ ಗೋವಿನಜೋಳದಂತೆ ನಡುವಿನಲ್ಲಿ ಹುಟ್ಟಿದ್ದವು! ಒಕ್ಕಲುತನದ ಮನೆಯಿಂದ ಬಂದ ಶಿಕ್ಷಕರೊಬ್ಬರು ಬೆರಳಿಟ್ಟು ತೋರಿಸಿದರು. ಕಲಾವಿದರು ಮುಖ ಸಣ್ಣದು ಮಾಡಲಿಲ್ಲ. ಮರುದಿನ ಬೇರೆ ಹಾಳೆ ತಂದರು. ಹೆಸರಾದವರೂ ತೋರಿಸಿಯೇ ತಿದ್ದಿಕೊಳ್ಳುತ್ತಾರೆ.

ಹಾಲೆಂಡಿನ ವಿನ್ಸೆಂಟ್ ವ್ಯಾನ್‌ಗೋನ ಹೆಸರನ್ನು ನೀವು ಕೇಳಿರಬಹುದು. ಆತ ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದ್ದು 1880ರಲ್ಲಿ, 27ನೆಯ ವಯಸ್ಸಿನಲ್ಲಿ. ಅಚ್ಚಾದ ಅಭ್ಯಾಸದ ಹಾಳೆಗಳನ್ನು ಮುಂದಿಟ್ಟುಕೊಂಡು ನಕಲು ಮಾಡುತ್ತ ಕೈ ಪಳಗಿಸಿಕೊಂಡ. ಆದ್ದರಿಂದ ನಕಲು ಮಾಡಿ ಕಲಿಯುವುದನ್ನು ಕಳ್ಳತನವೆಂದು ಬೈಯುವವರ ಮಾತನ್ನು ನಾನು ಒಪ್ಪುವುದಿಲ್ಲ. ತಮ್ಮನಾದ ಥಿಯೋನಿಗೆ ಬರೆದ ಕಾಗದಗಳಲ್ಲೇ ಪುಟ್ಟ ಚಿತ್ರಗಳನ್ನು ಬಿಡಿಸಿ ಕಳುಹಿಸುತ್ತಿದ್ದ. 1884-85ರ ಚಳಿಗಾಲದಲ್ಲಿ ರೈತರ ಮುಖಗಳನ್ನು ಮತ್ತೆ ಮತ್ತೆ ಬಿಡಿಸಿ, ಆಮೇಲೆ ಬಟಾಟೆ ತಿನ್ನುತ್ತಿರುವ ಬಡ ಕುಟುಂಬದ ದೊಡ್ಡ ಚಿತ್ರಕ್ಕೆ ಕೈ ಹಾಕಿದ. ಅದರ ಅಚ್ಚಿನ ಪ್ರತಿಯೊಂದನ್ನು ರಾಪಾರ್ಡ್ ಎಂಬ ಚಿತ್ರಕಾರ ಗೆಳೆಯನಿಗೆ ಕಳುಹಿಸಿದ. ಗೆಳೆಯ ಕಠಿಣವಾಗಿ ಟೀಕಿಸಿದ. ಹೆಂಗಸಿನ ಕೈಯೂ ಅವನಿಗೆ ಸರಿ ಕಾಣಲಿಲ್ಲ. ವ್ಯಾನ್‌ಗೋ ಆ ಕಾಗದವನ್ನೇ ಹಿಂದಿರುಗಿಸಿದ. ಐದು ವರ್ಷದ ಸ್ನೇಹ ಆ ವರ್ಷವೇ ಮುಗಿಯಿತು. ಟೀಕೆಯಲ್ಲಿ ನಿಜವಿದ್ದಿರಬಹುದು, ಆದರೆ ಹೇಳಿದ ರೀತಿಯಿಂದ ಇಬ್ಬರಿಗೂ ನಷ್ಟವಾಯಿತು.

ಕಲಾವಿದರಾಗುವವರಿಗೆ ಈ ಮಾತು, ನಮಗೇಕೆ ಎನ್ನುವಿರಾ? ಕವಿ ರವೀಂದ್ರನಾಥ ಠಾಕೂರರು ಚಿತ್ರಕಲೆಯನ್ನು ಮನಸ್ಸಿಟ್ಟು ಹಿಡಿದದ್ದು ಅರವತ್ತು ದಾಟಿದ ಮೇಲೆ. ಬರವಣಿಗೆಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಕೂಡಿಸಿ ಕೂಡಿಸಿ ಹಕ್ಕಿ ಮೃಗಗಳ ಆಕಾರ ಮಾಡುತ್ತಿದ್ದರು. 1930ರಲ್ಲಿ ಪ್ಯಾರಿಸಿನಲ್ಲಿ ಅವನ್ನೆಲ್ಲ ಜನರ ಮುಂದಿಟ್ಟರು. ಹವ್ಯಾಸಕ್ಕೆ ಪದವಿ ಬೇಕಿಲ್ಲ.

ಈಗ ಮೊಬೈಲಿನಲ್ಲಿ ಚಿತ್ರದ ಫೋಟೊ ಕಳುಹಿಸಿದರೆ ಕ್ಷಣದಲ್ಲಿ ಹತ್ತು ಹೆಬ್ಬೆರಳು ಬರುತ್ತವೆ. ಅದರಿಂದ ಸಂತೋಷವೇನೋ ಆಗುತ್ತದೆ, ತಂಬಿಗೆಯ ಬಾಯಿ ಮಾತ್ರ ಹಾಗೆಯೇ ಇರುತ್ತದೆ. "ಭಾರೀ ಅದ" ಎಂದವನನ್ನು ಬಿಡಬೇಡಿ, ಯಾವುದು ಗುರುತು ಸಿಗಲಿಲ್ಲ ಎಂದು ಕೇಳಿ. ಇನ್ನೊಂದು, ಚಿತ್ರದ ಮೂಲೆಯಲ್ಲಿ ತಾರೀಖು ಬರೆಯಿರಿ. ಹಳೆಯದನ್ನು ಹರಿಯಬೇಡಿ. ಆರು ತಿಂಗಳ ಮೇಲೆ ಹಳೆಯದನ್ನೂ ಹೊಸದನ್ನೂ ಜೋಡಿಸಿಟ್ಟರೆ ನಿಮಗೇ ತಿಳಿಯುತ್ತದೆ; ರಬ್ಬರಿನಿಂದ ಉಜ್ಜಿದ ಗೆರೆಯಿಂದ ಏನೂ ತಿಳಿಯುವುದಿಲ್ಲ.

ಈಗ ನಮ್ಮ ತರಗತಿಯ ಗೋಡೆಗೆ ನಾನೇನೂ ಅಂಟಿಸುವುದಿಲ್ಲ. ಕಿಟಕಿಯಿಂದ ಬಾಗಿಲಿನವರೆಗೆ ಒಂದು ಹಗ್ಗ ಕಟ್ಟಿದ್ದೇವೆ. ಶನಿವಾರ ಯಾರು ಬೇಕಾದರೂ ತಮ್ಮ ಚಿತ್ರವನ್ನು ಬಟ್ಟೆಯ ಚಿಮಟಿಯಿಂದ ಸಿಕ್ಕಿಸಬಹುದು. ಬೇಡವೆನ್ನುವವರನ್ನು ಒತ್ತಾಯಿಸುವುದಿಲ್ಲ. ಕಳೆದ ವರ್ಷ ಒಬ್ಬ ಹುಡುಗಿ ತನ್ನ ಅವ್ವ ರೊಟ್ಟಿ ಬಡಿಯುವುದನ್ನು ಬಿಡಿಸಿದಳು. ಬೆರಳುಗಳು ಬಾಚಣಿಕೆಯ ಹಲ್ಲಿನಂತೆ ಬಿಡಿಬಿಡಿಯಾಗಿದ್ದವು. ಗೆಳತಿಯೊಬ್ಬಳು ತನ್ನ ಅಂಗೈಯನ್ನು ಬೆಂಚಿನ ಮೇಲೆ ತಟ್ಟಿ, "ರೊಟ್ಟಿ ಬಡಿವಾಗ ಬೆರಳ ಕೂಡೇ ಇರ್ತಾವ, ನೋಡ" ಎಂದಳು. ಆ ಹುಡುಗಿ ವಾರವಿಡೀ ಒಲೆಯ ಮುಂದೆ ಕುಳಿತು ಅವ್ವನ ಕೈ ನೋಡಿದಳಂತೆ. ಎರಡನೆಯ ಚಿತ್ರದಲ್ಲಿ ಬೆರಳು ಕೂಡಿದವು. ಮೂರನೆಯದರಲ್ಲಿ ಮಣಿಕಟ್ಟು ಬಾಗಿತು, ಹಿಟ್ಟಿನ ಕೊಣಮಿಗೆಯ ಬಾಯಿಯೂ ಚಪ್ಪಟೆಯಾಯಿತು. ನಾಲ್ಕೂ ಚಿತ್ರಗಳು ತಾರೀಖಿನೊಡನೆ ಹಗ್ಗದ ಮೇಲೆ ಸಾಲಾಗಿ ತೂಗುತ್ತಿವೆ. ಎಡಗೈ ಇನ್ನೂ ಸರಿ ಬಂದಿಲ್ಲವೆಂದು ಅವಳೇ ಹೇಳುತ್ತಾಳೆ.