ಗೆದ್ದವನ ಮಾತು ಊರಿಗೆಲ್ಲಾ ಕೇಳಿಸುತ್ತದೆ



ಈ ತಿಂಗಳೂ ಬೆಲೆಯ ವಿಚಾರವನ್ನೇ ಬರೆಯುತ್ತಿದ್ದೇನೆ. ಆದರೆ ಇದು ಮಂಡಿಯ ಬೆಲೆಯಲ್ಲ, ನಮ್ಮ ಮಕ್ಕಳ ಫೋನಿನಲ್ಲಿ ಕುಣಿಯುವ ಬೆಲೆ. ನಮ್ಮೂರ ಅರಳಿಕಟ್ಟೆಯಲ್ಲಿ ಈಗ ಮಳೆಯ ಮಾತಿಗಿಂತ ನಿಫ್ಟಿಯ ಮಾತು ಹೆಚ್ಚು. ಬೆಳಿಗ್ಗೆ ಒಂಬತ್ತೂಕಾಲಿಗೆ ತಲೆ ಬಗ್ಗಿಸಿದ ಹುಡುಗರು ಮತ್ತೆ ತಲೆ ಎತ್ತುವುದು ಮಧ್ಯಾಹ್ನ ಮೂರೂವರೆಗೆ.

ನಮ್ಮಣ್ಣನ ಮಗ ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದ. ಒಂದು ದಿನ ಫೋನು ಹಿಡಿದು ಬಂದು, "ಚಿಕ್ಕಪ್ಪಾ, ನೀವು ಮೂರು ತಿಂಗಳು ಟೊಮೆಟೊ ಬೆಳೆದು ದುಡಿಯೋದನ್ನ ನಾನು ಅರ್ಧ ಗಂಟೇಲಿ ದುಡಿದೆ ನೋಡಿ" ಅಂದ. ಹಸಿರು ಬಣ್ಣದಲ್ಲಿ ಹದಿನಾಲ್ಕು ಸಾವಿರ ಅಂತ ಕಾಣಿಸಿತು. ಸುಳ್ಳು ಯಾಕೆ ಹೇಳಲಿ, ನನಗೂ ಒಂದು ಗಳಿಗೆ ಆಸೆಯಾಯಿತು. ಸಂಜೆಯೊಳಗೆ ಆ ಹದಿನಾಲ್ಕು ಸಾವಿರದ ಸುದ್ದಿ ಊರಿಗೆಲ್ಲಾ ತಿಳಿಯಿತು. ಇನ್ನೂ ನಾಲ್ಕು ಹುಡುಗರು ಅವನ ಹಿಂದೆ ಬಿದ್ದರು.

ಎಂಟು ತಿಂಗಳ ಮೇಲೆ ನಮ್ಮತ್ತಿಗೆ ಹಬ್ಬಕ್ಕೆಂದು ಬೀರು ತೆಗೆದು ನೋಡಿದರೆ ಸರ ಇಲ್ಲ. ಅಡವಿಗೆ ಹೋಗಿತ್ತು. ಅದರ ಮೇಲೆ ಮೂರು ರೂಪಾಯಿ ಬಡ್ಡಿಯ ಕೈಸಾಲ, ಫೋನಿನಲ್ಲೇ ಎತ್ತಿದ ಸಾಲ. ಎಲ್ಲಾ ಕೂಡಿ ಮೂರು ಲಕ್ಷ ಎಂಬತ್ತು ಸಾವಿರ. ಗೆದ್ದ ಹದಿನಾಲ್ಕು ಸಾವಿರ ಊರಿಗೆಲ್ಲಾ ಗೊತ್ತಿತ್ತು, ಕಳೆದ ಮೂರು ಲಕ್ಷ ಎಂಬತ್ತು ಸಾವಿರ ಹೆತ್ತ ತಾಯಿಗೂ ಗೊತ್ತಿರಲಿಲ್ಲ. ಈ ಸಂಪಾದಕೀಯದ ಸಾರವೆಲ್ಲಾ ಈ ಒಂದು ಮಾತಿನಲ್ಲಿದೆ.

ಇದು ನಮ್ಮ ಮನೆಯೊಂದರ ಕಥೆ ಎಂದು ತಿಳಿಯಬೇಡಿ. ಷೇರು ಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಹೊರಗಿಟ್ಟಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ಆಡಿದ ಬಿಡಿ ಜನ ಒಂದು ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ 93 ಜನ ಕಳೆದುಕೊಂಡರು. ತಲಾ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು ಮಾತ್ರ. 2024-25 ಒಂದೇ ವರ್ಷದಲ್ಲಿ ಬಿಡಿ ಜನ ಕಳೆದದ್ದು 1,05,603 ಕೋಟಿ ರೂಪಾಯಿ. ಅದೇ ವರ್ಷ ಇಡೀ ದೇಶದ ರೈತರಿಗೆ ವರ್ಷಕ್ಕೆ ಆರು ಸಾವಿರ ಕೊಡುವ ಪಿಎಂ-ಕಿಸಾನ್ ಯೋಜನೆಗೆ ಬಜೆಟ್ಟಿನಲ್ಲಿ ಇಟ್ಟಿದ್ದು 60,000 ಕೋಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಕಳೆದುಕೊಂಡವರು ಯಾರು? ಮುಂಬಯಿಯ ಶ್ರೀಮಂತರೇ? 2023-24ರಲ್ಲಿ ಆಡಿದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ವರ್ಷಕ್ಕೆ ಐದು ಲಕ್ಷಕ್ಕಿಂತ ಕಡಿಮೆ ಆದಾಯ ತೋರಿಸಿದವರು. ನೂರಕ್ಕೆ 72 ಜನ ದೇಶದ ದೊಡ್ಡ ಮೂವತ್ತು ಊರುಗಳ ಆಚೆಯವರು. ಮೂವತ್ತು ವಯಸ್ಸಿನ ಒಳಗಿನವರು ನೂರಕ್ಕೆ 43. ಅಂದರೆ ನಮ್ಮ ಮಕ್ಕಳೇ. ಆ ವರ್ಷ ಗೆದ್ದ ದೊಡ್ಡವರು ವಿದೇಶೀ ಹೂಡಿಕೆದಾರರು, ಸ್ವಂತ ಬಂಡವಾಳದಲ್ಲಿ ಆಡುವ ದಲ್ಲಾಳಿ ಕಂಪನಿಗಳು. ಅವರ ಲಾಭದಲ್ಲಿ ನೂರಕ್ಕೆ 96-97 ಪಾಲು ಕಂಪ್ಯೂಟರೇ ನಡೆಸುವ ವ್ಯಾಪಾರದಿಂದ ಬಂದದ್ದು. ಎತ್ತಿನ ಗಾಡಿ ಕಟ್ಟಿಕೊಂಡು ರೈಲಿನ ಜೊತೆ ಪಂದ್ಯ ಕಟ್ಟಿದ ಹಾಗಾಯಿತು ನಮ್ಮ ಹುಡುಗರ ಕಥೆ.

ಈ ಆಪ್ಷನ್ ಅಂದರೇನು ಎಂದು ಕೇಳುವ ಹಿರಿಯರಿಗೆ ಒಂದು ಮಾತು. ಶ್ರೀನಿವಾಸಪುರದ ಕಡೆ ವ್ಯಾಪಾರಿ ಮಾವಿನ ತೋಟಕ್ಕೆ ಮುಂಗಡ ಕೊಡುವುದನ್ನು ನೋಡಿದ್ದೀರಿ. ಬೆಲೆ ಏರಿದರೆ ಅವನಿಗೆ ಲಾಭ. ಬಿದ್ದರೆ ಮುಂಗಡ ಬಿಟ್ಟು ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಆಪ್ಷನ್ ಕೊಳ್ಳುವುದೂ ಇಂಥದೇ ಮುಂಗಡ. ಇಲ್ಲಿ ತೋಟ ಇಲ್ಲ, ಕಾಯಿ ಇಲ್ಲ, ಗಡುವು ಮಾತ್ರ ಇದೆ. ಅದೂ ಹಲವು ಸಲ ಒಂದೇ ವಾರದ್ದು. ಗಡುವಿನೊಳಗೆ ಬೆಲೆ ನೀನೆಂದ ಕಡೆಗೆ, ಎಂದಷ್ಟು ದೂರ ಹೋಗದಿದ್ದರೆ ಕೊಟ್ಟ ಹಣ ಸೊನ್ನೆ. ಒಬ್ಬ ಗೆದ್ದದ್ದು ಇನ್ನೊಬ್ಬ ಸೋತದ್ದೇ, ನಡುವೆ ದಲ್ಲಾಳಿಯ ಕಮಿಷನ್ನು, ಸರ್ಕಾರದ ತೆರಿಗೆ ಬೇರೆ. ಒಳ್ಳೆ ಕಂಪನಿಯ ಷೇರನ್ನು ಉಳಿತಾಯದ ದುಡ್ಡಿನಲ್ಲಿ ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವವರ ಮಾತು ಬೇರೆ. ಅದರಲ್ಲೂ ಏರಿಳಿತ ಉಂಟು, ಆದರೆ ಅದು ವಾರಕ್ಕೊಮ್ಮೆ ಸಾಯುವ ಸರಕಲ್ಲ.

ಹುಡುಗರು ಒಂದು ಪ್ರಶ್ನೆ ಎಸೆಯುತ್ತಾರೆ: "ನೀವು ಮಾಡೋ ಬೇಸಾಯ ಜೂಜಲ್ವಾ?" ಪ್ರಶ್ನೆ ನ್ಯಾಯವಾದದ್ದೇ. ಮಳೆ ನಮ್ಮ ಕೈಲಿಲ್ಲ, ಬೆಲೆಯೂ ಇಲ್ಲ. ಆದರೆ ರೈತ ಅಪಾಯವನ್ನು ಹುಡುಕಿಕೊಂಡು ಹೋದವನಲ್ಲ, ಅದು ಅವನ ತಲೆಗೆ ಕಟ್ಟಿದ್ದು. ಅದಕ್ಕೇ ರಾಗಿಯ ಜೊತೆ ಅವರೆ ಹಾಕುತ್ತಾನೆ, ಎರಡು ಹಸು ಕಟ್ಟುತ್ತಾನೆ, ಬೀಜಕ್ಕೆ ಬೇರೆ ಎತ್ತಿಡುತ್ತಾನೆ. ಬೆಳೆ ಹೋದರೂ ಹುಲ್ಲು ಉಳಿಯುತ್ತದೆ, ಭೂಮಿ ಉಳಿಯುತ್ತದೆ. ಸೆಬಿ ಹೇಳುವಂತೆ ಸೋತವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ಸೋಲುತ್ತಲೇ ಆಟ ಮುಂದುವರಿಸಿದರು. ಹೋದದ್ದನ್ನು ಒಂದೇ ಏಟಿಗೆ ತರುತ್ತೇನೆಂಬ ಹಟಕ್ಕೆ ಧೈರ್ಯ ಎಂಬ ಹೆಸರು ಕೊಡಬಾರದು.

ಹಾಗೆಂದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವುದೂ ಬೇಡ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತು. ಲಕ್ಷ ಲಕ್ಷ ಎಣಿಸಿದ ರೈತರ ಫೋಟೋ ಪತ್ರಿಕೆಗಳಲ್ಲಿ ಬಂತು. ಅದನ್ನು ನೋಡಿ ಸಾಲ ಮಾಡಿ ಸಸಿ ನೆಟ್ಟವರಲ್ಲಿ ನಾನೂ ಒಬ್ಬ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ನಾನು ಕಿತ್ತ ಕೂಲಿಯೂ ಹುಟ್ಟದೆ ತೋಟದಲ್ಲೇ ಬಿಟ್ಟೆ. ನನ್ನ ಫೋಟೋ ಹಾಕಲು ಯಾರೂ ಬರಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಅಂದಮೇಲೆ ಅಣ್ಣನ ಮಗನಿಗೂ ನನಗೂ ಏನು ವ್ಯತ್ಯಾಸ? ಸೋತವರು ಬಾಯಿ ಮುಚ್ಚಿದರೆ ಗೆದ್ದವನ ಮಾತೇ ಲೋಕದ ನಿಯಮ ಎಂಬಂತೆ ಕಾಣುತ್ತದೆ.

ಆ ಮಾತನ್ನು ಮಾರುವವರೂ ಹುಟ್ಟಿಕೊಂಡಿದ್ದಾರೆ. ಬಾಡಿಗೆ ಕಾರಿನ ಮುಂದೆ ನಿಂತು, ಲಾಭದ ದಿನದ ಲೆಕ್ಕ ಮಾತ್ರ ತೋರಿಸಿ, ಕಲಿಸುತ್ತೇನೆಂದು ಸಾವಿರಾರು ರೂಪಾಯಿ ಫೀಜು ಕೀಳುತ್ತಾರೆ. ಕಲಿಸುವ ಹೆಸರಿನಲ್ಲಿ ಅಂದಂದಿನ ಬೆಲೆ ತೋರಿಸಿ ಷೇರಿನ ಹೆಸರು ಹೇಳಬಾರದು, ಮೂರು ತಿಂಗಳ ಹಳೆಯ ಬೆಲೆ ಮಾತ್ರ ಬಳಸಬೇಕು ಎಂದು ಸೆಬಿ 2025ರ ಜನವರಿಯಲ್ಲಿ ನಿಯಮ ಮಾಡಬೇಕಾಯಿತು. ನಿಜವಾಗಿ ದಿನಕ್ಕೆ ಹತ್ತು ಸಾವಿರ ದುಡಿಯುವ ಗುಟ್ಟು ಗೊತ್ತಿದ್ದವನು ನಮ್ಮ ಹುಡುಗನ ಹತ್ತಿರ ಎರಡು ಸಾವಿರ ಫೀಜಿಗೆ ಯಾಕೆ ಕೈ ಚಾಚುತ್ತಾನೆ? ಇದನ್ನು ಕೇಳಲು ಬಿ.ಕಾಂ. ಬೇಡ.

ಓದುಗರೇ, ಮಕ್ಕಳನ್ನು ಬೈದರೆ ಇದು ತೀರುವುದಿಲ್ಲ. ಬೇಸಾಯಕ್ಕೆ ಬೆಲೆ ಇಲ್ಲ, ಓದಿಗೆ ಕೆಲಸ ಇಲ್ಲ, ಹಳ್ಳಿ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ. ಅವನು ಆ ಹಸಿರು ಅಂಕಿಯ ಹಿಂದೆ ಓಡಿದ್ದಕ್ಕೆ ನಾವು ಕಟ್ಟಿದ ಈ ವ್ಯವಸ್ಥೆಯೂ ಕಾರಣ. ಬೆಳೆಸಾಲದ ಜಪ್ತಿಗೆ ಬಂದವರನ್ನು ಊರ ಬಾಗಿಲಲ್ಲಿ ನಿಲ್ಲಿಸಿ, ನಮ್ಮ ಬೆಳೆಗೆ ನೀವು ಕೊಡದ ಬೆಲೆಯೇ ಈ ಸಾಲ ಎಂದು ನಾವು ಹೇಳಬಲ್ಲೆವು. ಆ ಮಾತಿಗೆ ಸತ್ಯದ ಬಲ ಇದೆ. ಆಪ್ಷನ್ನಿನ ಸಾಲಕ್ಕೆ ಏನೆಂದು ಹೇಳೋಣ? ಬೆಳೆಗೆಂದು ಸೊಸೈಟಿಯಲ್ಲಿ ತಂದ ಹಣವನ್ನು ಅಲ್ಲಿಗೆ ಹಾಕಿದರೆ ನಮ್ಮ ಚಳವಳಿಯ ಕಾಲನ್ನು ನಾವೇ ಕಡಿದಂತೆ.

ಆದ್ದರಿಂದ ಮೂರು ಮಾತು. ಭೂಮಿ, ಒಡವೆ, ಬೆಳೆಸಾಲ, ಭೂಸ್ವಾಧೀನದ ಪರಿಹಾರ ಇವು ಯಾವುದನ್ನೂ ಈ ಆಟಕ್ಕೆ ಇಡಬೇಡಿ. ಯಾರಾದರೂ ಗೆಲುವು ತೋರಿಸಿದರೆ, "ಒಂದು ದಿನದ್ದು ಬೇಡಪ್ಪ, ಇಡೀ ವರ್ಷದ ಲೆಕ್ಕ ತೋರಿಸು" ಎನ್ನಿ. ಆ ಲೆಕ್ಕ ಅದೇ ಫೋನಿನಲ್ಲಿ ಸಿಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸೋತ ಮಗ ಮನೆಗೆ ಬಂದು ಹೇಳಿದರೆ ಮೊದಲು ಊಟಕ್ಕೆ ಕೂರಿಸಿ, ಬೈಗಳು ಆಮೇಲೆ ಇರಲಿ. ಹಣ ಹೋದರೆ ದುಡಿಯಬಹುದು. ಹೇಳಲಾರದೆ ಹಗ್ಗ ಹಿಡಿದವನನ್ನು ಯಾವ ಪರಿಹಾರವೂ ತರಲಾರದು. ಇದನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಣ್ಣನ ಮಗ ಈಗ ನನ್ನ ಜೊತೆ ಮಂಡಿಗೆ ಬರುತ್ತಾನೆ, ತಿಂಗಳಿಗಿಷ್ಟು ಎಂದು ಸಾಲ ತೀರಿಸುತ್ತಿದ್ದಾನೆ. ಮುಂದಿನ ಸಭೆಯಲ್ಲಿ ತಾನು ಸೋತ ಲೆಕ್ಕವನ್ನು ಓದುತ್ತೇನೆಂದು ಒಪ್ಪಿದ್ದಾನೆ. ಅವನಿಗಿಂತ ಮೊದಲು ನಾನು ನನ್ನ ಟೊಮೆಟೊ ಲೆಕ್ಕ ಓದುತ್ತೇನೆ. ನೀವೂ ನಿಮ್ಮದನ್ನು ಬರೆದುಕೊಂಡು ಬನ್ನಿ.