ಚಂಡಮಾರುತದ ಲೆಕ್ಕದಲ್ಲಿ ಮರದ ವಯಸ್ಸು

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿದೆ ಎಂಬ ಸುದ್ದಿ ನವೆಂಬರಿನಲ್ಲಿ ಕಿವಿಗೆ ಬಿದ್ದರೆ ನಮ್ಮವರ ಕಣ್ಣು ಮೊದಲು ಹೋಗುವುದು ಅಂಗಳದ ಕಡೆಗೆ. ಹರಡಿದ ಅಡಿಕೆ ನೆನೆದೀತು, ಗಿಡದಲ್ಲಿರುವ ಕಾಫಿ ಹಣ್ಣು ಉದುರೀತು ಎಂಬಲ್ಲಿಗೆ ನಮ್ಮ ಚಿಂತೆ ಮುಗಿಯುತ್ತದೆ. ನಾಗಪಟ್ಟಣದಿಂದ ಪುರಿಯವರೆಗಿನ ಪೂರ್ವ ಕರಾವಳಿಯವರಿಗೆ ಅದೇ ಸುದ್ದಿಯ ಅರ್ಥವೇ ಬೇರೆ. ಆ ಕರಾವಳಿ ಕಂಡ ಕೆಲವು ಚಂಡಮಾರುತಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ತೋಟದವರಾದ ನಮಗೆ ಬೇಕಾದ ಸಂಗತಿಯೊಂದು ಗೋಚರಿಸುತ್ತದೆ. ಅದನ್ನು ಸದಸ್ಯ ಬಾಂಧವರ ಮುಂದಿಡುವುದಕ್ಕಾಗಿ ಈ ಬರಹ.

1964ರ ಡಿಸೆಂಬರಿನಲ್ಲಿ ಧನುಷ್ಕೋಟಿ ಎಂಬ ಊರು ಒಂದೇ ರಾತ್ರಿಯಲ್ಲಿ ನಾಶವಾಯಿತು; ಪಾಂಬನ್‌ನಿಂದ ಹೊರಟ ರೈಲು ಪ್ರಯಾಣಿಕರ ಸಮೇತ ಕಡಲಿನ ಪಾಲಾಯಿತು. 1977ರ ನವೆಂಬರ್ 19ರಂದು ಆಂಧ್ರದ ಕೃಷ್ಣಾ ನದಿಯ ಮುಖದಲ್ಲಿರುವ ದಿವಿಸೀಮೆಗೆ ಬಂದದ್ದು ಗಾಳಿಗಿಂತ ಹೆಚ್ಚಾಗಿ ನೀರು. ಚಂಡಮಾರುತದ ಗಾಳಿ ಕಡಲನ್ನು ದಡದ ಕಡೆಗೆ ತಳ್ಳುತ್ತದೆ; ದಡದ ಬಳಿ ಸಮುದ್ರ ಆಳವಿಲ್ಲದಿದ್ದರೆ ತಳ್ಳಿದ ನೀರಿಗೆ ಹೋಗಲು ಬೇರೆ ದಾರಿಯಿಲ್ಲದೆ ಎದ್ದು ಒಳನಾಡಿಗೆ ನುಗ್ಗುತ್ತದೆ. ಅಂದು ಎದ್ದ ನೀರಿನ ಎತ್ತರ ಸುಮಾರು ಐದು ಮೀಟರ್, ಎಂದರೆ ಎಳೆಯ ಅಡಿಕೆ ತೋಟವೊಂದು ತುದಿಯವರೆಗೆ ಮುಳುಗುವಷ್ಟು. ಸರ್ಕಾರಿ ಲೆಕ್ಕದಲ್ಲೇ ಸತ್ತವರು ಹತ್ತು ಸಾವಿರದಷ್ಟು.

ಇಪ್ಪತ್ತೆರಡು ವರ್ಷಗಳ ನಂತರ, 1999ರ ಅಕ್ಟೋಬರ್ 29ರಂದು, ಪಾರಾದೀಪದ ಬಳಿ ಒಡಿಶಾದ ಮೇಲೆ ಎರಗಿದ್ದು ಗಂಟೆಗೆ 260 ಕಿಲೋಮೀಟರ್ ವೇಗದ ಗಾಳಿ. ಅಲ್ಲಿಯೂ ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಅವರಲ್ಲಿ ಬಹುಪಾಲು ಜಗತ್‌ಸಿಂಗ್‌ಪುರ ಜಿಲ್ಲೆಯವರು. ಇಪ್ಪತ್ತೆರಡು ವರ್ಷಗಳಲ್ಲಿ ಕಲಿತದ್ದು ಏನೂ ಇಲ್ಲವೇ ಎಂದು ಅಂದು ಕೇಳಿದವರ ಕೋಪ ನ್ಯಾಯವಾದದ್ದೇ ಆಗಿತ್ತು.

ಆದರೆ ಅನಂತರ ಕಲಿತರು ಎಂಬುದನ್ನು ಒಪ್ಪಲೇಬೇಕು. ಒಡಿಶಾ ಸರ್ಕಾರ ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರ ಸ್ಥಾಪಿಸಿತು, ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದವು, ಹವಾಮಾನ ಇಲಾಖೆಯ ಮುನ್ಸೂಚನೆ ನಿಖರವಾಗುತ್ತ ಬಂತು. 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಫೈಲಿನ್ ಚಂಡಮಾರುತ ದಡ ಮುಟ್ಟುವ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿಯಾಗಿತ್ತು. ಗಾಳಿ ಗಂಟೆಗೆ 200 ಕಿಲೋಮೀಟರ್ ದಾಟಿದ್ದರೂ ಸತ್ತವರು ಐವತ್ತರ ಆಸುಪಾಸು. 2019ರ ಮೇ 3ರಂದು ಪುರಿಯ ಮೇಲೆ ಬಂದ ಫೋನಿಗೆ ಮುಂಚೆ ಸ್ಥಳಾಂತರಿಸಿದ್ದು ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರನ್ನು. ಒಡಿಶಾದಲ್ಲಿ ಮೃತರ ಸಂಖ್ಯೆ 64. ಹತ್ತು ಸಾವಿರದಿಂದ ಎರಡಂಕಿಗೆ! ನಮ್ಮ ದೇಶದಲ್ಲಿ ಸರ್ಕಾರಿ ಯಂತ್ರವನ್ನು ಹೊಗಳುವ ಸಂದರ್ಭ ಬರುವುದು ವಿರಳ. ಬಂದಾಗ ಜಿಪುಣತನ ಮಾಡಬಾರದು.

ತೊಂದರೆ ಹುಟ್ಟುವುದು ಇಲ್ಲಿಂದ ಮುಂದೆ. ಚಂಡಮಾರುತವನ್ನು ನಾವು ನೆನಪಿಡುವುದು ಸತ್ತವರ ಸಂಖ್ಯೆಯಿಂದ, ಇಲ್ಲವೇ ಗಾಳಿಯ ವೇಗದಿಂದ. ಎರಡೂ ಕಡಿಮೆಯಿದ್ದರೆ ಅದು ಸಣ್ಣ ಗಾಳಿಯೆಂದು ಪತ್ರಿಕೆಗಳು ವಾರದೊಳಗೆ ಮರೆಯುತ್ತವೆ. ಜೀವ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜೀವ ಉಳಿಸಿಕೊಂಡು ಆಶ್ರಯ ಕಟ್ಟಡದಿಂದ ಹಿಂತಿರುಗಿದವನಿಗೆ ತೋಟದಲ್ಲಿ ಏನು ಉಳಿದಿದೆ ಎಂಬುದು ಆ ಎರಡು ಅಂಕಿಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ.

2018ರ ನವೆಂಬರ್ 16ರ ಬೆಳಗಿನ ಜಾವ ನಾಗಪಟ್ಟಣ ಮತ್ತು ವೇದಾರಣ್ಯದ ನಡುವೆ ದಾಟಿದ ‘ಗಜ’ವನ್ನು ತೆಗೆದುಕೊಳ್ಳಿ. ಗಾಳಿಯ ವೇಗ ಗಂಟೆಗೆ 100ರಿಂದ 120 ಕಿಲೋಮೀಟರ್. 1999ರ ಗಾಳಿಯ ಅರ್ಧವೂ ಅಲ್ಲ. ಸತ್ತವರು ನೂರರ ಒಳಗೆ. 1977ರ ನವೆಂಬರ್ 12ರಂದು, ದಿವಿಸೀಮೆಯ ದುರಂತಕ್ಕೆ ಒಂದು ವಾರ ಮುಂಚೆ, ಇದೇ ನಾಗಪಟ್ಟಣದ ಬಳಿ ದಾಟಿದ ಚಂಡಮಾರುತದಲ್ಲಿ ಸತ್ತವರು 560 ಮಂದಿ. ಆ ಲೆಕ್ಕದಲ್ಲಿ ಗಜ ಸಣ್ಣದು. ಆದರೆ ತಂಜಾವೂರು, ಪುದುಕ್ಕೋಟೆ, ತಿರುವಾರೂರು ಜಿಲ್ಲೆಗಳ ತೆಂಗಿನ ತೋಟದವರನ್ನು ಕೇಳಿ ನೋಡಿ. ಪಟ್ಟುಕ್ಕೋಟೆ, ಪೇರಾವೂರಣಿ ಸೀಮೆಯಲ್ಲಿ ತೆಂಗೇ ಬದುಕು. ತೆಂಗಿಗೆ, ನಮ್ಮ ಅಡಿಕೆಯಂತೆಯೇ, ತಾಯಿಬೇರಿಲ್ಲ. ಒದ್ದೆ ನೆಲದಲ್ಲಿ ಗಾಳಿ ಹೊಡೆದರೆ ಬುಡ ಸಮೇತ ಮಲಗುತ್ತದೆ, ಇಲ್ಲವೇ ಸುಳಿ ತಿರುಚಿಕೊಂಡು ನಿಂತಲ್ಲೇ ಸಾಯುತ್ತದೆ. ಒಂದು ರಾತ್ರಿಯಲ್ಲಿ ಲಕ್ಷಗಟ್ಟಲೆ ಮರ ಹೋದವು. ಭತ್ತದವನು ಮುಂದಿನ ಹಂಗಾಮಿಗೆ ಮತ್ತೆ ಬಿತ್ತುತ್ತಾನೆ. ಎತ್ತರದ ತಳಿಯ ತೆಂಗು ನೆಟ್ಟವನು ಮೊದಲ ಗೊನೆ ನೋಡಲು ಆರೇಳು ವರ್ಷ ಕಾಯಬೇಕು. ಐವತ್ತು ದಾಟಿದ ಕೃಷಿಕನಿಗೆ ಅದು ಎಂಥ ಮಾತೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಫಿಯವರಿಗೂ ಒಂದು ಉದಾಹರಣೆಯಿದೆ. ಫೈಲಿನ್ ಬಂದ ಸರಿಯಾಗಿ ಒಂದು ವರ್ಷಕ್ಕೆ, 2014ರ ಅಕ್ಟೋಬರ್ 12ರಂದು, ಹುದ್‌ಹುದ್ ವಿಶಾಖಪಟ್ಟಣದ ಮೇಲೆ ಬಂತು. ನಗರದ ಹಾನಿಯ ಚಿತ್ರಗಳನ್ನು ದೇಶವೆಲ್ಲ ನೋಡಿತು. ಹಿಂದಿನ ಬೆಟ್ಟಗಳಲ್ಲಿ, ಅರಕು–ಪಾಡೇರು ಸೀಮೆಯ ಗಿರಿಜನರ ಕಾಫಿ ತೋಟಗಳಲ್ಲಿ, ಸಿಲ್ವರ್ ಮರಗಳು ಹಬ್ಬಿದ್ದ ಮೆಣಸಿನ ಬಳ್ಳಿಯ ಸಮೇತ ಕಾಫಿ ಗಿಡಗಳ ಮೇಲೆಯೇ ಉರುಳಿದವು. ಅವರು ಕಳೆದುಕೊಂಡದ್ದು ಬಿದ್ದ ಗಿಡಗಳನ್ನು ಮಾತ್ರವಲ್ಲ. ನೆರಳು ಹೋದ ತೋಟದಲ್ಲಿ ಅರೇಬಿಕಾ ಬಿಸಿಲಿಗೆ ಬೇಯುತ್ತದೆ. ಬಿಸಿಲು ಬಿದ್ದ ಕಾಂಡವನ್ನು ಬಿಳಿ ಕಾಂಡಕೊರಕ ಹುಡುಕಿಕೊಂಡು ಬರುತ್ತದೆ. ಎಂದರೆ ಗಾಳಿಯ ನಷ್ಟ ಗಾಳಿಯ ದಿನಕ್ಕೇ ಮುಗಿಯುವಂಥದಲ್ಲ.

ಇನ್ನು ಪರಿಹಾರದ ವಿಷಯ. ಗಜದ ನಂತರ ತಮಿಳುನಾಡು ಸರ್ಕಾರ ಬಿದ್ದ ತೆಂಗಿನ ಮರವೊಂದಕ್ಕೆ 1,100 ರೂಪಾಯಿ ಕೊಟ್ಟಿತು: ಮರಕ್ಕೆ 600, ಕಡಿದು ಸಾಗಿಸಲು 500. ವರ್ಷಕ್ಕೆ ಅರವತ್ತು ಕಾಯಿ, ಕಾಯಿಗೆ ಹತ್ತು ರೂಪಾಯಿ ಎಂದು ಕೈಬಿಗಿಹಿಡಿದು ಲೆಕ್ಕ ಹಾಕಿದರೂ 600 ರೂಪಾಯಿಯೆಂದರೆ ಒಂದೇ ವರ್ಷದ ಫಸಲು. ಆದರೂ ಅದು ಆ ರಾಜ್ಯ ಮನಸ್ಸು ಮಾಡಿ ಕೊಟ್ಟ ಹೆಚ್ಚಿನ ಮೊತ್ತ. ವಿಪತ್ತು ಪರಿಹಾರ ನಿಧಿಗೆ 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ಮಾನದಂಡವನ್ನು ನೋಡಿದರೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. 2.7 ಮೀಟರ್ ಅಂತರದ ಅಡಿಕೆ ತೋಟದಲ್ಲಿ ಹೆಕ್ಟೇರಿಗೆ ಸುಮಾರು 1,370 ಮರ. ಭಾಗಿಸಿ ನೋಡಿ: ತೋಟವೆಲ್ಲ ನೆಲಸಮವಾದರೂ ಮರಕ್ಕೆ ಹದಿನಾರೂವರೆ ರೂಪಾಯಿ! ಇದು ನಷ್ಟ ಪರಿಹಾರವಲ್ಲ, ಮತ್ತೆ ಬೆಳೆಯಲು ಕೊಡುವ ಸಹಾಯಧನ ಎಂದು ಅಧಿಕಾರಿಗಳು ಹೇಳುತ್ತಾರೆ. ಆಗಲಿ, ಹದಿನಾರು ರೂಪಾಯಿಗೆ ಒಳ್ಳೆಯ ಸಸಿಯಾದರೂ ಸಿಕ್ಕೀತೇ? ಇದಲ್ಲದೆ ಶೇಕಡಾ 33ಕ್ಕಿಂತ ಕಡಿಮೆ ನಷ್ಟವಾದರೆ ಏನೂ ಇಲ್ಲ. ಹೆಕ್ಟೇರಿನಲ್ಲಿ ನಾನೂರು ಮರ ಮುರಿದರೂ ಆ ಗೆರೆ ಮುಟ್ಟುವುದಿಲ್ಲ.

ಈ ಲೆಕ್ಕದಲ್ಲಿ ನಾಲ್ಕು ವರ್ಷದ ಗಿಡವೂ ಒಂದೇ, ಇಪ್ಪತ್ತು ವರ್ಷದ ಮರವೂ ಒಂದೇ, ಇಂದೋ ನಾಳೆಯೋ ಬೀಳಲಿದ್ದ ಮುದಿ ಮರವೂ ಒಂದೇ. ವಯಸ್ಸು ನೋಡಿ ಬೆಲೆ ಕಟ್ಟುವುದು ಅಸಾಧ್ಯವೇನಲ್ಲ. ತೆಂಗು ಅಭಿವೃದ್ಧಿ ಮಂಡಳಿ ರೂಪಿಸಿದ ಮರ ವಿಮೆಯಲ್ಲಿ 4ರಿಂದ 15 ವರ್ಷದ ಮರಕ್ಕೆ 900 ರೂಪಾಯಿ, 16ರಿಂದ 60 ವರ್ಷದ್ದಕ್ಕೆ 1,750 ರೂಪಾಯಿ ಎಂದು ಬೇರೆ ಬೇರೆ ದರ ಇಟ್ಟಿದ್ದರು. ಮೊತ್ತ ಸಾಲದೆಂಬುದು ಬೇರೆ ಮಾತು, ತತ್ವ ಸರಿಯಾಗಿತ್ತು.

ಇದೆಲ್ಲ ಪೂರ್ವ ಕರಾವಳಿಯ ಕಥೆ, ಘಟ್ಟದವರಿಗೇಕೆ ಎನ್ನುವವರು ಇದ್ದಾರೆ. ಮೇಲೆ ಹೇಳಿದ 1977ರ ನಾಗಪಟ್ಟಣದ ಚಂಡಮಾರುತ ಭೂಭಾಗವನ್ನು ದಾಟಿ ಅರಬ್ಬೀ ಸಮುದ್ರ ಸೇರಿ, ಅಲ್ಲಿ ಮತ್ತೆ ಬಲಗೊಂಡು, ಅದೇ ತಿಂಗಳ ಉತ್ತರಾರ್ಧದಲ್ಲಿ ಮಂಗಳೂರು–ಹೊನ್ನಾವರಗಳ ನಡುವೆ ನಮ್ಮದೇ ದಡಕ್ಕೆ ಬಂದಿತ್ತು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಅಂಚು ಸವರಿಕೊಂಡು ಹೋಗಿ ಗುಜರಾತಿನ ಗಿರ್ ಸೀಮೆಯ ಮಾವು ಮತ್ತು ತೆಂಗಿನ ತೋಟಗಳನ್ನು ಕೆಡವಿತು. ಅರಬ್ಬೀ ಸಮುದ್ರದ ನೀರು ಮೊದಲಿಗಿಂತ ಬೆಚ್ಚಗಾಗಿದೆ, ಇಲ್ಲಿ ಚಂಡಮಾರುತಗಳು ಹೆಚ್ಚುತ್ತಿವೆ ಎಂದು ಹವಾಮಾನ ವಿಜ್ಞಾನಿಗಳು ಹೇಳುತ್ತಿದ್ದಾರೆ.

ವಯಸ್ಸಿಗೆ ತಕ್ಕ ಪರಿಹಾರ ಕೊಡಿ ಎಂದು ಕೇಳಹೋದರೆ ಮೊದಲ ಪ್ರಶ್ನೆ, ವಯಸ್ಸಿಗೆ ಪುರಾವೆ ಏನು ಎಂಬುದು. ಮರ ಬಿದ್ದು, ಕಡಿದು, ಸೌದೆಯಾದ ಮೇಲೆ ಪುರಾವೆ ಎಲ್ಲಿಂದ ತರುವುದು? ಪಹಣಿಯಲ್ಲಿ ಬೆಳೆಯ ಹೆಸರು, ವಿಸ್ತೀರ್ಣ ಸಿಗುತ್ತದೆ. ನೆಟ್ಟ ಇಸವಿ ಸಿಗುವುದಿಲ್ಲ. ಅದನ್ನು ಬರೆದಿಡುವ ಕೆಲಸವನ್ನು ಸಹಕಾರಿ ಸಂಘವಲ್ಲದೆ ಬೇರೆ ಯಾರೂ ಮಾಡಲಾರರು. ಆದ್ದರಿಂದ ಬರುವ ಮಹಾಸಭೆಯ ಮುಂದೆ ನನ್ನ ಸಲಹೆ ಇದು: ಸದಸ್ಯರ ಪ್ರತಿಯೊಂದು ತೋಟಕ್ಕೂ ಸಂಘದಲ್ಲಿ ಒಂದು ಪುಟ ತೆರೆಯಬೇಕು. ಅಡಿಕೆ, ತೆಂಗು, ಕಾಫಿ, ನೆರಳಿನ ಮರ, ಮೆಣಸಿನ ಬಳ್ಳಿ ಎಷ್ಟೆಷ್ಟು, ಯಾವ ಇಸವಿಯಲ್ಲಿ ನೆಟ್ಟದ್ದು, ಕಳೆದ ವರ್ಷ ಗಾಳಿಗೆ ಹೋದದ್ದೆಷ್ಟು ಎಂಬುದನ್ನು ಪ್ರತಿ ಬೇಸಿಗೆಯಲ್ಲಿ ನೆರೆಯ ತೋಟದ ಇಬ್ಬರು ಸದಸ್ಯರ ಎದುರಿನಲ್ಲಿ ಎಣಿಸಿ, ರುಜು ಹಾಕಿಸಿ, ಒಂದು ಪ್ರತಿಯನ್ನು ತೋಟಗಾರಿಕೆ ಇಲಾಖೆಗೆ ಮಳೆಗಾಲಕ್ಕೆ ಮೊದಲೇ ಮುಟ್ಟಿಸಬೇಕು.